ಒಂದು ಗಾಲಿ ಎತ್ತಬಾರದ ಗಾಡಿ

ಹೋದ ತಿಂಗಳು ಟಿಳಕವಾಡಿಯ ಗಿರಾಕಿಯೊಬ್ಬ ತನ್ನ ಅಪ್ಪನ ಕಾಲದ ಅಂಬಾಸಡರ್ ಗಾಡಿಯನ್ನು ಬೆಳಗಾವಿಯ ನನ್ನ ಗ್ಯಾರೇಜಿಗೆ ತಂದಿದ್ದ. ಬಣ್ಣ, ಸೀಟು, ಬಂಪರಿನ ಹೊಳಪು ಎಲ್ಲ ಮುಗಿಸಿಕೊಂಡಿದ್ದ. ಇನ್ನು ಉಳಿದದ್ದು ಹಿಂದಿನ ಡಿಫರೆನ್ಶಿಯಲ್ ಒಂದೇ. ಕೆಸರಲ್ಲಿ ಜಾರದಂಥದ್ದು ಹಾಕಿಸಬೇಕು, ಪ್ಲೇಟಿನದು ತರಿಸಲೋ, ಬರೀ ಗೇರಿನದು ತರಿಸಲೋ ಎಂದು ಕೇಳಿದ. ಫೋನಿನಲ್ಲಿ ಎರಡರ ಚಿತ್ರವನ್ನೂ ಹಿಡಿದು ತೋರಿಸಿದ. ನಾನು ಚಿತ್ರ ನೋಡಲಿಲ್ಲ. ಗಾಡಿಯ ಕೆಳಗೆ ಹೋಗಿ ಎಣ್ಣೆಯ ಬೋಲ್ಟು ಬಿಚ್ಚಿದೆ. ಕಪ್ಪು ಎಣ್ಣೆ ತಗಡಿನ ತಟ್ಟೆಗೆ ಇಳಿಯತೊಡಗಿತು.

ಆ ಎಣ್ಣೆಗೆ ಒಂದು ವಾಸನೆ ಇದೆ. ಕೊಳೆತ ಬೆಳ್ಳುಳ್ಳಿಯನ್ನು ಗಂಧಕದ ಜೊತೆ ಅರೆದ ಹಾಗೆ. ನನ್ನ ಕಸುಬಿನವರಿಗೆ ಅದು ಮೂಗಿಗೆ ತಿಳಿಯುವುದೇ ಇಲ್ಲ. ಆದರೆ ಆ ದಿನ ಅದರ ಕೆಳಗೆ ಮಲಗಿದ್ದಾಗ ನನಗೆ ಖಾನಾಪುರದ ಕಡೆಯ ಕೆಂಪು ಕೆಸರು, ನಮ್ಮ ಗಂಗಕ್ಕನ ಬಾತುಕೊಂಡ ಮುಖ, ಎರಡು ಸಾವಿರದ ಇಸವಿಯ ಹೊತ್ತಿನ ಆ ಒಂದು ಮಳೆಗಾಲ, ಅದರ ಹಿಂದೆಯೇ ಬಂದ ಸುಗ್ಗಿ, ಎಲ್ಲ ಒಟ್ಟಿಗೆ ಎದೆ ಮೇಲೆ ಬಂದು ಕೂತವು. ಗಿರಾಕಿಗೆ ನಾಳೆ ಬಾ ಎಂದು ಹೇಳಿ ಕಳಿಸಿದೆ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಅಲ್ಲ. ನನಗೆ ಗೊತ್ತಿರುವಷ್ಟು ಅದು ಈ ಊರಲ್ಲಿ ಇನ್ನೊಬ್ಬನಿಗೆ ಗೊತ್ತಿರಲಿಕ್ಕಿಲ್ಲ.

ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ. ಅವ್ವ ಹೋದ ಮೇಲೆ ನನಗೆ ಉಣಿಸಿದವಳು, ಏಳನೇ ಇಯತ್ತೆಯಲ್ಲಿ ನಾನು ಸಾಲಿ ಬಿಟ್ಟಾಗ ಹೊಡೆಯದೆ ಬೈಯದೆ ಕೈ ಹಿಡಿದು ಕೊಂಡೊಯ್ದು ಗ್ಯಾರೇಜಿಗೆ ಸೇರಿಸಿದವಳು. ಅವಳನ್ನು ಖಾನಾಪುರದಾಚೆ, ಜಾಂಬೋಟಿ ರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿಗೆ ಕೊಟ್ಟಿತ್ತು. ಗಂಡ ಪರಶುರಾಮ. ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಅನ್ನುತ್ತೇವೆ. ದಾಜಿ ಅಂಬಾಸಡರ್ ಇಟ್ಟುಕೊಂಡು ಖಾನಾಪುರ ಸ್ಟೇಷನ್ನಿನಿಂದ ಹಳ್ಳಿಗಳಿಗೆ ಬಾಡಿಗೆ ಹೊಡೆಯುತ್ತಿದ್ದ. ಸತ್ತ ಎರಡು ಗಾಡಿಗಳನ್ನು ಸೇರಿಸಿ ಆ ಒಂದು ಗಾಡಿಯನ್ನು ಎಬ್ಬಿಸಿಕೊಟ್ಟವನು ನಾನೇ. ದಾಜಿಯ ಅಣ್ಣ ನಾಗಪ್ಪಣ್ಣ ಹೊಲ ನೋಡಿಕೊಳ್ಳುತ್ತಿದ್ದ. ಮುದುಕಿ ಅತ್ತೆ ಇದ್ದಳು. ಒಂದೇ ಮನೆ, ಒಂದೇ ಒಲೆ.

ಆ ವರ್ಷದ ಬೇಸಿಗೆಯಲ್ಲಿ ಗಂಗಕ್ಕನ ಕಿಡ್ನಿ ಎರಡೂ ಕೆಟ್ಟಿವೆ ಎಂದು ತಿಳಿಯಿತು. ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ವಾರದಲ್ಲಿ ಎರಡು ಸಲ, ಸೋಮವಾರ ಮತ್ತು ಗುರುವಾರ, ಬಂದು ರಕ್ತ ತೊಳೆಸಿಕೊಂಡು ಹೋಗಬೇಕು. ಒಂದು ಸಲ ತಪ್ಪಿದರೆ ಮೈಗೆ ನೀರು ತುಂಬುತ್ತದೆ, ಎರಡು ಸಲ ತಪ್ಪಿದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ದಾಜಿಯ ಮುಖ ನೋಡಿಯೇ ಹೇಳಿದ್ದರು. ನನ್ನ ಮನೆಯಲ್ಲಿ ಬಂದಿರು ಎಂದು ನಾನು ಕರೆದೆ. ನನ್ನ ಹೆಂಡತಿಯೂ ಕರೆದಳು.

"ನಿನ್ನ ಮನ್ಯಾಗ ನಾಕ ದಿನ ಇದ್ರ ನಾ ಅಕ್ಕ, ಐದನೇ ದಿನ ರೋಗಿ ಆಗತೀನಿ," ಅಂದಳು ಗಂಗಕ್ಕ. "ನಮ್ಮ ಊರಾಗ ಇನ್ನೂ ಸೊಸಿ ಇದೀನಿ, ನಮ್ಮತ್ತಿ ಕಡೆ ಬೈಸ್ಕೋತೀನಿ. ಬೈಸ್ಕೊಳ್ಳೂ ತನಕ ಸಾಯೂದಿಲ್ಲ ಬಿಡು ಕಲ್ಲೂ."

ಬೇಸಿಗೆಯಲ್ಲಿ ಎಲ್ಲ ಸುಸೂತ್ರ ನಡೆಯಿತು. ಮಿರಗ, ಅಂದರೆ ಮೃಗಶಿರಾ ಮಳೆ, ಹೂಡಿದ ವಾರವೇ ಗಾಡಿ ಕೆಸರಲ್ಲಿ ಹುಗಿಯಿತು.

ಊರಿನಿಂದ ಡಾಂಬರು ರಸ್ತೆ ಮುಟ್ಟುವ ತನಕ ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಆಮೇಲೆ ಒಂದು ಏರು. ಖಾನಾಪುರದ ಆಚೆಗಿನ ಮಳೆ ಬೆಳಗಾವಿಯ ಮಳೆಯಂಥದ್ದಲ್ಲ. ಅಲ್ಲಿ ಅದು ಬಂದು ಹೋಗುವುದಿಲ್ಲ, ಬಂದು ಕೂರುತ್ತದೆ. ಬಸ್ಸು ಮಳೆಗಾಲ ಮುಗಿಯುವ ತನಕ ಒಳಗೆ ಬರುವುದಿಲ್ಲ. ಆ ಸೋಮವಾರ ದಾಜಿ ಡಾಂಬರಿನ ಹತ್ತಿರದ ಬೂತಿನಿಂದ ಫೋನು ಮಾಡಿದ. ದನಿ ಒಡೆದಿತ್ತು. ನನ್ನ ಬಾಜೂ ಶೆಡ್ಡಿನ ವೆಲ್ಡರ್ ಬಾಬುಲಾಲನ ಟೆಂಪೋ ತೆಗೆದುಕೊಂಡು, ಹಗ್ಗ ಹಾಕಿಕೊಂಡು ಇಬ್ಬರೂ ಹೋದೆವು.

ಗಾಡಿ ಆ ಏರಿನಲ್ಲಿ ಅಡ್ಡ ಬಿದ್ದ ಎಮ್ಮೆಯ ಹಾಗೆ ನಿಂತಿತ್ತು. ನಾಗಪ್ಪಣ್ಣ ಗಾಲಿಯ ಕೆಳಗೆ ಸೊಪ್ಪು ತುಂಬುತ್ತಿದ್ದ. ನಾಲ್ಕು ಜನ ಹಿಂದಿನಿಂದ ನೂಕುತ್ತಿದ್ದರು. ದಾಜಿ ಆಕ್ಸಿಲರೇಟರ್ ಒತ್ತಿದಾಗ ಎಡಗಡೆಯ ಹಿಂದಿನ ಗಾಲಿ ಗಿರಗಿರ ತಿರುಗಿ ಎಲ್ಲರ ಮುಖಕ್ಕೆ ಕೆಸರು ಎರಚಿತು. ಬಲಗಡೆಯ ಗಾಲಿ, ಗಟ್ಟಿ ನೆಲದ ಮೇಲೆ ಇದ್ದದ್ದು, ಸುಮ್ಮನೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಗಂಗಕ್ಕ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಮುಂದಿನ ಸೀಟಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಉಸಿರು ಎಳೆಯುವ ಸದ್ದು ಮಳೆಯ ಸದ್ದಿನಲ್ಲೂ ಕೇಳುತ್ತಿತ್ತು.

ಅವಳನ್ನು ಟೆಂಪೋಕ್ಕೆ ಹೊತ್ತು ಹಾಕಿದೆವು. ಆಸ್ಪತ್ರೆ ಮುಟ್ಟುವಾಗ ತುಟಿ ನೀಲಿಯಾಗಿದ್ದವು. ಬದುಕಿದಳು. ಆದರೆ ಡಾಕ್ಟರು ನನ್ನನ್ನು ಹೊರಗೆ ಕರೆದು ಇನ್ನೊಂದು ತಾಸು ತಡವಾಗಿದ್ದರೆ ಎಂದು ಅರ್ಧಕ್ಕೆ ಮಾತು ನಿಲ್ಲಿಸಿದರು. ಇನ್ನೂ ಮಳೆಗಾಲ ಇಡೀ ಮುಂದಿತ್ತು.

ಓದುವವರಿಗೆ ಇದನ್ನು ಹೇಳಲೇಬೇಕು. ಹಿಂದಿನ ಎರಡು ಗಾಲಿಗಳ ನಡುವೆ, ಸಣ್ಣ ಕುಂಬಳಕಾಯಿಯಂಥ ಉಬ್ಬಿನೊಳಗೆ ಡಿಫರೆನ್ಶಿಯಲ್ ಕೂತಿರುತ್ತದೆ. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ಮಾಡಿದ ಏರ್ಪಾಟು ಅದು. ರಸ್ತೆಯ ಮೇಲೆ ಒಳ್ಳೆಯದೇ. ಕೆಸರಿನಲ್ಲಿ ಮಾತ್ರ ಯಾವ ಗಾಲಿಗೆ ನೆಲ ಸಿಗುವುದಿಲ್ಲವೋ ಇಂಜಿನ್ನಿನ ತಿರುಗೆಲ್ಲ ಅದಕ್ಕೇ ಹೋಗಿಬಿಡುತ್ತದೆ. ನೆಲ ಸಿಕ್ಕ ಗಾಲಿ ನೋಡುತ್ತ ನಿಲ್ಲುತ್ತದೆ. ಅದನ್ನು ತಪ್ಪಿಸುವ ದಾರಿ ಹುಡುಕುವುದೇ ನನ್ನ ಪಾಲಿಗೆ ಬಂದ ಕೆಲಸ. ಔಷಧ ನನಗೆ ತಿಳಿಯದು. ಇದು ತಿಳಿಯುತ್ತಿತ್ತು.

ಬಾಬುಲಾಲನದು ಒಂದೇ ಮಾತು. "ಒಳಗಿನ ಸಣ್ಣ ಗೇರ್ ಎಲ್ಲಾ ಕೂಡಿಸಿ ಬೆಸದ ಬಿಡತೀನಿ. ಎರಡೂ ಗಾಲಿ ಒಂದ ಆಗತಾವ. ಗಂಡಾ ಹೆಂಡತಿ ಕೈಗೆ ಬೇಡಿ ಹಾಕಿಧಂಗ. ಎಲ್ಲಿಗಿ ಹೋದ್ರೂ ಕೂಡೇ ಹೋಗಬೇಕು."

"ತಿರುವಿನಾಗ?"

"ತಿರುವಿನಾಗ ಸ್ವಲ್ಪ ಜಗಳಾಡತಾವ."

"ಜಗಳಾಡಿ ಆಕ್ಸಲ್ ಮುರೀತಾವ ಬಾಬು. ಕೆಸರ ದಾಟಿದ ಮ್ಯಾಲೆ ಬೆಳಗಾವಿ ತನಕ ಡಾಂಬರ ಐತಿ. ತೊಯ್ದ ಡಾಂಬರದ ಮ್ಯಾಲೆ ತಿರುವಿನಾಗ ಹಿಂದಿನ ಬಾಲ ಹೊರಗ ಜಾರಿದ್ರ ಗಾಡಿ ಸೀದಾ ಮಲಪ್ರಭಾಕ್ಕ. ಒಳಗ ಅಕ್ಕ ಇರತಾಳ."

"ಹಂಗಾರ ನಿನ್ನ ಗಾಡಿಗೆ ರೆಕ್ಕಿ ಬೆಸೀತೀನಿ ತಗೋ," ಅಂದ. ಸಿಟ್ಟಿನಿಂದಲ್ಲ. ಅವನೂ ಆ ಟೆಂಪೋದಲ್ಲಿ ಅವಳ ಉಸಿರು ಕೇಳಿದ್ದ.

ಅವನೇ ಅಪ್ಪಾಸಾಹೇಬರ ನೆನಪು ಮಾಡಿದ. ಕೋಟೆಯ ಹತ್ತಿರದ ಹಳೆಯ ಜೈನ ಮನೆತನದವರು, ಕಾಳಿನ ವ್ಯಾಪಾರಸ್ಥರು. ಅವರಿಗೆ ಹಳೆಯ ವಿಲಾಯತಿ ಗಾಡಿಗಳ ಹುಚ್ಚು. ಅವರ ತಮ್ಮನೊಬ್ಬ ಹಡಗಿನಲ್ಲಿ ಇಂಜಿನಿಯರನಾಗಿದ್ದ. ಊರೂರಿನಿಂದ ಸಾಮಾನು ತಂದುಕೊಡುತ್ತಿದ್ದ. ನಮ್ಮ ಅಂಬಾಸಡರ್ ಮೂಲದಲ್ಲಿ ವಿಲಾಯತಿ ಗಾಡಿಯದೇ ಸಂತಾನ, ಹಿಂದಿನ ಆಕ್ಸಲ್ ಅವರ ಗಾಡಿಗಳ ಆಕ್ಸಲ್ಲಿನ ದಾಯಾದಿ. ಹೋದೆ. ಅವರು ಎರಡು ಡಬ್ಬಿ ತಂದು ಮೇಜಿನ ಮೇಲೆ ಇಟ್ಟರು.

ಒಂದರಲ್ಲಿ ಬರೀ ಗೇರುಗಳದು, ಹೊಸದು, ಮೇಣದ ಕಾಗದ ಕೂಡ ಬಿಚ್ಚಿರಲಿಲ್ಲ. ಕೈಗೆ ತೆಗೆದುಕೊಂಡರೆ ದೇವರ ಸಾಮಾನಿನ ಹಾಗೆ ಭಾರ. ಇನ್ನೊಂದರಲ್ಲಿ ಪ್ಲೇಟಿನದು, ಹಳೆಯದು, ಬಳಸಿದ್ದು. ಎರಡೂ ಬಾಜೂ ಉಕ್ಕಿನ ತೆಳು ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ಕೂಡಿಸಿದ್ದು. ಬಿಲ್ಲೆ ಒಂದಕ್ಕೊಂದು ಕಚ್ಚಿ ಎರಡೂ ಗಾಲಿಗಳನ್ನು ಬಿಡದೆ ಹಿಡಿಯುತ್ತವೆ.

"ಹೊಸಾದು ತಗೊಂಡ ಹೋಗು ಮಿಸ್ತ್ರಿ," ಅಂದರು ಅಪ್ಪಾಸಾಹೇಬರು. "ಸವಿಯೂದಿಲ್ಲ, ಸದ್ದ ಮಾಡೂದಿಲ್ಲ. ರಸ್ತಾದ ಮ್ಯಾಲೆ ಬೆಣ್ಣಿ ಹಂಗ ಓಡತೈತಿ. ಪ್ಲೇಟಿಂದು ಬೇರೇನ ಎಣ್ಣಿ ಬೇಡತೈತಿ, ಗೊಣಗತೈತಿ, ಎರಡ ವರ್ಷಕ್ಕ ಬಿಚ್ಚಬೇಕು."

"ಸಾವಕಾರ್ರ, ಒಂದು ಗಾಲಿ ಪೂರಾ ಗಾಳ್ಯಾಗ ನಿಂತ್ರ ಈ ಹೊಸಾದು ಏನ ಮಾಡತೈತ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು. "ಗಾಳ್ಯಾಗ ನಿಂತ್ರ? ಇದು ನಿಮ್ಮ ಮಾಮೂಲಿ ಡಿಫರೆನ್ಶಿಯಲ್ ಹಂಗ ಆಗತೈತಿ. ಎರಡೂ ಗಾಲಿಗಿ ಚೂರರ ನೆಲಾ ಬೇಕು ಇದಕ್ಕ."

"ಪ್ಲೇಟಿಂದು?"

"ಪ್ಲೇಟಿಂದು ಬಿಡೂದಿಲ್ಲ. ಒಂದು ಗಾಲಿ ಗಾಳ್ಯಾಗಿದ್ರೂ ಇನ್ನೊಂದು ಎಳೀತೈತಿ. ಎಷ್ಟು ಭಾರ ಬೀಳತೈತೋ ಅಷ್ಟು ಜೋರ ಕಚ್ಚತೈತಿ."

ಆ ಏರಿನಲ್ಲಿ ಎತ್ತಿನ ಬಂಡಿಗಳು ಕೊರೆದ ಒಂದು ಕೊರಕಲಿತ್ತು. ಅಲ್ಲಿ ನಮ್ಮ ಗಾಡಿಯ ಎಡಗಾಲಿ ಪೂರಾ ತೂಗಾಡುವುದನ್ನು ನಾನು ಕಣ್ಣಾರೆ ನೋಡಿದ್ದೆ. ಹೊಸದನ್ನು ಡಬ್ಬಿಗೆ ಹಾಕಿ ಹಳೆಯದನ್ನು ಎತ್ತಿಕೊಂಡೆ. ಹೊಸದು ಬಿಟ್ಟು ಹಳೆಯದು ಆರಿಸಿದವನನ್ನು ಅಪ್ಪಾಸಾಹೇಬರು ನೋಡಿರಲಿಲ್ಲವೇನೋ. ಬಾಗಿಲ ತನಕ ಬಂದು ಹೇಳಿದರು:

"ಒಂದು ನೆನಪಿಡು. ಇದು ಹಾಕಿದ ಗಾಡೀದು ಹಿಂದಿನ ಒಂದ ಗಾಲಿ ಎತ್ತಿ ಗೇರಿಗಿ ಹಾಕಬ್ಯಾಡ. ನೆಲದ ಮ್ಯಾಲಿಂದು ಗಾಡೀನ ಎಳಕೊಂಡ ಹೋಗತೈತಿ. ಎತ್ತೂದಿದ್ರ ಎರಡೂ ಎತ್ತು."

ಏರಿನಿಂದ ಎಳೆದು ತಂದ ಗಾಡಿಗೆ ಅದನ್ನು ಕೂಡಿಸುವುದು ಸುಲಭವಾಗಲಿಲ್ಲ. ಆಕ್ಸಲ್ಲಿನ ಹಲ್ಲು ಹೊಂದಲಿಲ್ಲ. ಉದ್ಯಮಬಾಗಿನ ಲೇಥಿನವನ ಬೆನ್ನು ಹತ್ತಿ ಮಾಡಿಸಿದೆ. ಕ್ರೌನು ಎಂಬ ದೊಡ್ಡ ಗೇರಿನ ಹಲ್ಲಿಗೆ ನೀಲಿ ಬಣ್ಣ ಹಚ್ಚಿ, ಹಲ್ಲು ಎಲ್ಲಿ ಕಚ್ಚುತ್ತದೆ ನೋಡಿ, ತೆಳು ತಗಡು ತೆಗೆದು, ಮತ್ತೆ ಹಾಕಿ, ಮತ್ತೆ ನೀಲಿ ಹಚ್ಚಿ. ಸೋಮವಾರಕ್ಕೂ ಗುರುವಾರಕ್ಕೂ ನಡುವೆ ಗಾಡಿ ಬಿಚ್ಚಿ ಕಟ್ಟಬೇಕಿತ್ತು. ಆ ಗುರುವಾರ ಅವಳನ್ನು ಟೆಂಪೋದಲ್ಲಿ ತಂದೆವು, ಸಂಜೆ ಅವಳದೇ ಗಾಡಿಯಲ್ಲಿ ಕಳಿಸಿದೆ.

ಕಳಿಸುವ ಮುಂಚೆ ದಾಜಿಯನ್ನು ಕರೆದು ಒಂದು ಗಾಲಿ ಎತ್ತಿ ತೋರಿಸಿದೆ.

"ಕೈಲೆ ತಿರುಗಸ್ರಿ ದಾಜಿ."

ದಾಜಿ ಎರಡೂ ಕೈ ಹಾಕಿ ತಿಣುಕಿದ. ಗಾಲಿ ಅಲುಗಲಿಲ್ಲ.

"ನೋಡಿದ್ರಿಲ್ಲ. ಇದು ಕಚ್ಚಿ ಹಿಡದೈತಿ. ಒಂದು ಗಾಲಿ ಎತ್ತಿ ಗೇರ್ ಹಾಕಿದ್ರ ಇನ್ನೊಂದು ನಿಮ್ಮ ಎದಿ ಮ್ಯಾಲೆ ಬರತೈತಿ. ಪಂಕ್ಚರ್ ಆದ್ರ ಇಂಜಿನ್ ಬಂದ್ ಮಾಡಿ ಎತ್ತ್ರಿ. ತಿಳೀತಿಲ್ಲ?"

"ತಿಳೀತಪಾ. ಸಣ್ಣ ಹುಡುಗರಿಗಿ ಹೇಳಿಧಂಗ ಹೇಳತಿಯಲ್ಲ."

"ಹೇಳೂ ಕೆಲಸ ನಂದು."

ಆ ಮಳೆಗಾಲ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ನೀರಿನ ಲೋಟ. ಗಂಗಕ್ಕನಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದರು. ಹಂಚಿನ ಮೇಲೆ ನೀರು, ಅಂಗಳದಲ್ಲಿ ನೀರು, ಗಾಡಿಯ ಕಿಟಕಿಯ ಸಂದಿಯಿಂದ ಒಳಗೆ ನೀರು. ಅವಳು ಸೀಟಿನಲ್ಲಿ ಕೂತು ಒಣಗಿದ ತುಟಿಯನ್ನು ಸೆರಗಿನಿಂದ ಒತ್ತಿಕೊಳ್ಳುತ್ತಿದ್ದಳು. ಮಲಪ್ರಭೆಯ ಸೇತುವೆ ದಾಟುವಾಗ ಕೆಳಗೆ ನೋಡಿ, "ಇಷ್ಟು ನೀರು ಯಾರಿಗಿ ಬೇಕಾಗಿತ್ತೋ," ಅನ್ನುತ್ತಿದ್ದಳು.

ಗಾಡಿ ಹುಗಿಯಲಿಲ್ಲ. ಆ ಏರಿನಲ್ಲಿ ಎಡಗಾಲಿ ಕೊರಕಲಿಗೆ ಇಳಿದು ಗಾಳಿಯಲ್ಲಿ ತೂಗಾಡಿದರೂ ಬಲಗಾಲಿ ನೆಲ ಕಚ್ಚಿ, ಹಿಂದಿನಿಂದ ಯಾರೋ ಎತ್ತಿ ನೂಕಿದ ಹಾಗೆ ಗಾಡಿ ಮೇಲೆ ಹತ್ತಿಬಿಡುತ್ತಿತ್ತು. ಒಂದು ಗುರುವಾರ ನಾನೂ ಅದರಲ್ಲಿ ಕೂತಿದ್ದೆ. ಊರಿನವರು ಏರಿನ ಬಾಯಿಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ನೂಕಲು ತಯಾರಾಗಿ ನಿಂತಿದ್ದರು. ಗಾಡಿ ಅವರನ್ನು ದಾಟಿ ಹೋಯಿತು. ದಾಜಿ ಕಿಟಕಿಯಿಂದ ಕೈ ಹೊರಗೆ ಹಾಕಿ ಸಾಹುಕಾರನ ಹಾಗೆ ಬೀಸಿದ. ತಿರುವಿನಲ್ಲಿ ಹಿಂದಿನ ಆಕ್ಸಲ್ ಗುರ್ ಎಂದಿತು.

"ಅದೇನೋ ಕಲ್ಲೂ, ನಮ್ಮತ್ತಿ ಗೊಣಗಿಧಂಗ ಗೊಣಗತೈತಿ," ಅಂದಳು ಗಂಗಕ್ಕ.

"ಗೊಣಗಲಿ ಅಕ್ಕಾ. ಗೊಣಗೂತನಕ ಹಿಡದೈತಿ ಅಂತ ತಿಳ್ಕೋ."

ಅವಳು ತನ್ನ ಎಡಗೈಯನ್ನು ನನ್ನ ಕಿವಿಗೆ ಹಿಡಿದಳು. ರಕ್ತ ತೆಗೆಯಲು ಆಸ್ಪತ್ರೆಯವರು ಅಲ್ಲಿ ನರ ಕೂಡಿಸಿ ಹೊಲಿದಿದ್ದರು. ಒಳಗೆ ಝುಂ ಎಂಬ ಸದ್ದು ಬಿಡದೆ ಓಡುತ್ತಿತ್ತು. "ನೋಡು, ನನಗೂ ಇಂಜಿನ್ ಕೂಡಿಸ್ಯಾರ. ಇದರ ಮಿಸ್ತ್ರಿ ನಿನ್ನಕಿಂತ ಶಾಣ್ಯಾ." ದಾಜಿ ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕ. ನನಗೆ ಆ ಗುರುವಾರ ಒಂದು ಹಮ್ಮು ಬಂದದ್ದು ನಿಜ. ಓದಿದ ಜನ ಔಷಧ ಕೊಟ್ಟರು, ಸರಿ. ಅದನ್ನು ಮುಟ್ಟಿಸಿದ್ದು ನನ್ನ ಕೈ.

ಆಷಾಢ, ಶ್ರಾವಣ, ಗಣಪತಿ ಎಲ್ಲ ದಾಟಿದವು. ದೀಪಾವಳಿಯ ಹೊತ್ತಿಗೆ ಮಣ್ಣು ಒಣಗಿ ಬಿರುಕು ಬಿಟ್ಟಿತು. ಇನ್ನು ಎಂಟು ತಿಂಗಳು ಹೆದರಿಕೆ ಇಲ್ಲ ಎಂದು ನಾವು ಎಲ್ಲರೂ ಉಸಿರು ಬಿಟ್ಟೆವು.

ಆ ಊರಿನಲ್ಲಿ ಭತ್ತದ ರಾಶಿ ಮಾಡುವ ಒಂದು ರೀತಿ ಇತ್ತು. ಕಾಲಿನಿಂದ ತುಳಿಯುವ ತಂತಿ ಹಲ್ಲಿನ ಡ್ರಮ್ಮು. ಅದಕ್ಕೆ ಸಿವುಡು, ಅಂದರೆ ಕೊಯ್ದ ಪೈರಿನ ಕಟ್ಟು, ಹಿಡಿದರೆ ಕಾಳು ಉದುರುತ್ತದೆ. ತುಳಿದು ತುಳಿದು ಕಾಲು ಸೋಲುತ್ತವೆ. ಹಗಲು ಹೊತ್ತು ಕರೆಂಟು ಇಲ್ಲ. ಹಾಗಾಗಿ ಮೋಟಾರು ಗಾಡಿ ಇದ್ದವರು ಅದನ್ನು ಕಣಕ್ಕೆ ತಂದು, ಹಿಂದಿನ ಒಂದು ಗಾಲಿಯನ್ನು ಜಾಕಿನ ಮೇಲೆ ಎತ್ತಿ, ಟಯರು ತೆಗೆದು, ಬ್ರೇಕಿನ ಡ್ರಮ್ಮಿಗೆ ಪಟ್ಟಾ ಹಾಕಿ, ಆ ಪಟ್ಟಾದಿಂದ ಯಂತ್ರ ತಿರುಗಿಸುತ್ತಿದ್ದರು. ಇಂಜಿನ್ ಗೇರಿನಲ್ಲಿ, ಆಕ್ಸಿಲರೇಟರಿಗೆ ಒಂದು ಕಟ್ಟಿಗೆಯ ಒತ್ತು. ಎತ್ತಿದ ಗಾಲಿ ತಿರುಗುತ್ತದೆ, ನೆಲದ ಗಾಲಿ ಸುಮ್ಮನೆ ಕೂರುತ್ತದೆ. ಕೆಸರಿನಲ್ಲಿ ನಮ್ಮನ್ನು ಕೊಲ್ಲುತ್ತಿದ್ದ ಆ ಗುಣವನ್ನೇ ಅವರು ಸುಗ್ಗಿಯಲ್ಲಿ ದುಡಿಸಿಕೊಳ್ಳುತ್ತಿದ್ದರು. ವರ್ಷಾ ವರ್ಷಾ ಹಾಗೇ ಮಾಡಿಕೊಂಡು ಬಂದಿದ್ದರು. ಬೆಳಗಾವಿಯಲ್ಲಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ. ಸುಗ್ಗಿಯಲ್ಲಿ ನಾನು ಎಂದೂ ಆ ಊರಿಗೆ ಹೋದವನಲ್ಲ.

ಆ ಸುಗ್ಗಿಯಲ್ಲೂ ಗಾಡಿ ಕಣಕ್ಕೆ ಬಂತು. ದಾಜಿ ನನ್ನ ಮಾತು ಮರೆತಿರಲಿಲ್ಲ. ಇದನ್ನು ನನಗೆ ಆಮೇಲೆ ಹೇಳಿದ್ದು ನಾಗಪ್ಪಣ್ಣ. ಗಾಲಿ ಎತ್ತಿದ ಮೇಲೆ ದಾಜಿ ಇಂಜಿನ್ ಬಂದ್ ಇಟ್ಟು, ನ್ಯೂಟ್ರಲ್ ಮಾಡಿ, ಕೈಯಿಂದ ತಿರುಗಿಸಿ ನೋಡಿದನಂತೆ. ಮಳೆಗಾಲದುದ್ದ ಕಚ್ಚಿ ಕಚ್ಚಿ ಬಿಲ್ಲೆಗಳು ಸವೆದಿದ್ದವು. ಸ್ವಲ್ಪ ಬಿಗಿಯಾಗಿ, ಆದರೆ ಗಾಲಿ ತಿರುಗಿತು. "ಸಡ್ಲ ಆಗೇತಿ, ಇನ್ನ ಎಳೀಯೂದಿಲ್ಲ," ಅಂದನಂತೆ. ನಾನು ತೋರಿಸಿದ ಪರೀಕ್ಷೆಯನ್ನೇ ಮಾಡಿದ್ದ. ಆದರೂ ಮನಸ್ಸು ಒಪ್ಪದೆ ನೆಲದ ಗಾಲಿಯ ಮುಂದೆ ಒಂದು ಕಲ್ಲು ಇಟ್ಟ.

ಬೆಳಗಿನಿಂದ ಮಧ್ಯಾಹ್ನದ ತನಕ ಯಂತ್ರ ಓಡಿತು. ಏನೂ ಆಗಲಿಲ್ಲ. ಹಗುರ ಕೆಲಸಕ್ಕೆ ಆ ಬಿಲ್ಲೆಗಳು ಜಾರುತ್ತಿದ್ದವು, ಕಲ್ಲು ಗಾಲಿಯನ್ನು ತಡೆದು ಹಿಡಿದಿತ್ತು. ಉಂಡು ಬಂದ ಮೇಲೆ ಹಸಿ ಸಿವುಡೊಂದು ಡ್ರಮ್ಮಿಗೆ ಸಿಕ್ಕಿ ಯಂತ್ರ ನಿಧಾನವಾಯಿತು. ದಾಜಿ ಇಂಜಿನ್ ಕಾದಿದೆಯೆಂದು ಮುಂದೆ ಹೋಗಿ ರೇಡಿಯೇಟರಿಗೆ ನೀರು ಹಾಕುತ್ತಿದ್ದ. ಅವನ ಬೆನ್ನಿಗೆ ಕಣದ ಕಲ್ಲಿನ ಗೋಡೆ. ಯಂತ್ರ ನಿಲ್ಲುತ್ತದೆಂದು ನಾಗಪ್ಪಣ್ಣ ಗಾಡಿಯೊಳಗೆ ಕೈ ಹಾಕಿ ಕಟ್ಟಿಗೆಯನ್ನು ಇನ್ನಷ್ಟು ಒತ್ತಿದ.

ಭಾರ ಬಿದ್ದಷ್ಟು ಜೋರು ಕಚ್ಚುತ್ತದೆ ಎಂದು ಅಪ್ಪಾಸಾಹೇಬರು ಹೇಳಿದ್ದು ಅದನ್ನೇ. ಬಿಲ್ಲೆಗಳು ಕಚ್ಚಿದವು, ನೆಲದ ಗಾಲಿಯೂ ತಿರುಗಿ ಕಲ್ಲು ಹತ್ತಿತು. ಗಾಡಿ ಜಾಕಿನಿಂದ ಹಾರಿ ಮುಂದೆ ಹೋಯಿತು.

ಇದರ ಬಗ್ಗೆ ಹೆಚ್ಚು ಬರೆಯಲಾರೆ. ನಾನು ಮುಟ್ಟುವಷ್ಟರಲ್ಲಿ ದಾಜಿಯನ್ನು ಪಡಸಾಲೆಯಲ್ಲಿ ಮಲಗಿಸಿ ಧೋತರ ಹೊಚ್ಚಿದ್ದರು. ಪೊಲೀಸರು ಬಂದು ನೋಡಿ ಹೋದರು. ಗಾಡಿ ಗೋಡೆಗೆ ಮುಖ ಕೊಟ್ಟುಕೊಂಡು ಹಾಗೇ ನಿಂತಿತ್ತು. ಗಂಗಕ್ಕ ಅಳಲಿಲ್ಲ. ಅವಳಿಗೆ ಅಳುವಷ್ಟು ಉಸಿರು ಇರಲಿಲ್ಲವೇನೋ.

ಮಣ್ಣು ಮಾಡಿ ಬಂದ ಸಂಜೆ ನಾಗಪ್ಪಣ್ಣ ಅಂಗಳದಲ್ಲಿ, ನೆರೆದ ಜನರ ಮುಂದೆ ನನ್ನನ್ನು ಕೇಳಿದ.

"ಏನ ಹಾಕಿದ್ಯೋ ಅದರೊಳಗ? ಇಷ್ಟು ವರ್ಷ ಎತ್ತೇವಿ, ಒಂದಿನಾ ಕಾಲ ಜಾರಿಲ್ಲ ಆ ಗಾಡಿ. ನೀ ಕೈ ಹಚ್ಚಿದ ವರ್ಷ ನನ್ನ ತಮ್ಮನ್ನ ತಿಂತು."

"ಎತ್ತಬಾರದು ಅಂತ ಹೇಳಿದ್ನಿ ಅಣ್ಣಾ."

"ಹೇಳಿದ್ದಿ. ಹೇಳಿ ಮುಗೀತೇನ ನಿಂದು? ತಗಿ ಅದನ್ನ. ನಾಳಿಗೇ ಬಿಚ್ಚು. ನಿನ್ನ ಸಾಮಾನು ತಗೊಂಡ ನಿನ್ನ ಊರಿಗಿ ಹೋಗು."

ಕಟ್ಟಿಗೆ ಒತ್ತಿದ ಕೈ ಯಾವುದು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಕೂಗುತ್ತಿದ್ದದ್ದು ನನ್ನ ಮೇಲಲ್ಲ. ನಾನು ಆರಿಸಿದ್ದರ ಬಗ್ಗೆ ಇಷ್ಟು ವರ್ಷ ಯೋಚಿಸಿದ್ದೇನೆ. ಆ ಹೊಸ ಗೇರಿನದನ್ನು ಹಾಕಿದ್ದರೆ ಸುಗ್ಗಿಯಲ್ಲಿ ದಾಜಿ ಸಾಯುತ್ತಿರಲಿಲ್ಲ. ಆದರೆ ಆಷಾಢದಲ್ಲೇ ಆ ಕೊರಕಲಿನಲ್ಲಿ ಗಾಡಿ ನಿಂತು ಗಂಗಕ್ಕ ಸೀಟಿನ ಮೇಲೆ ಹೋಗುತ್ತಿದ್ದಳು. ಇಬ್ಬರೂ ಉಳಿಯುವಂಥ ಸಾಮಾನನ್ನು ಯಾವ ಕಾರಖಾನೆಯೂ ಮಾಡಿಲ್ಲ. ಮತ್ತೆ ಆರಿಸು ಎಂದರೆ ನಾನು ಅದನ್ನೇ ಎತ್ತಿಕೊಳ್ಳುತ್ತೇನೆ. ಹೀಗೆ ಬರೆಯುವುದು ನನಗೆ ಹಗುರವಲ್ಲ.

ದಾಜಿ ಹೋದದ್ದು ಮಂಗಳವಾರ. ಗುರುವಾರ ಬಂತು.

ಮೂರನೇ ದಿನದ ಕಾರ್ಯ ಅದೇ ದಿನ. ಬಂಧುಗಳೆಲ್ಲ ಕೂತಿದ್ದರು. ಸೂತಕದ ಮನೆ, ಗಂಡನನ್ನು ಕಳೆದುಕೊಂಡವಳು ದಿನಗಳು ಮುಗಿಯುವ ತನಕ ಹೊಸ್ತಿಲು ದಾಟಬಾರದು. ನಾನು ಬಾಬುಲಾಲನ ಟೆಂಪೋ ಊರ ಹೊರಗೆ ನಿಲ್ಲಿಸಿ ಒಳಗೆ ಬಂದಿದ್ದೆ. ಗಂಗಕ್ಕನ ಮುಖ ಮತ್ತೆ ಬಾತಿತ್ತು, ಕಣ್ಣು ಗೆರೆಯಷ್ಟೇ ಕಾಣುತ್ತಿದ್ದವು.

"ಒಂದ ಸಲ ತಪ್ಪಿದ್ರ ನಡೀತೈತೆನ ನೋಡ್ರಿ," ಅಂದ ಒಬ್ಬ ಹಿರಿಯ. "ಜನಾ ಏನಂತಾರ."

"ನಡಿಯೂದಿಲ್ಲ," ಅಂದೆ.

ಆಗ ಮೂಲೆಯಲ್ಲಿ ಕೂತಿದ್ದ ಮುದುಕಿ ಅತ್ತೆ ಮಾತಾಡಿದಳು. "ಒಬ್ಬನ್ನ ಮಣ್ಣಿಗಿ ಕೊಟ್ಟೇನಿ. ಇಕಿನ್ನೂ ಕೊಟ್ಟು ಯಾವ ಜನರ ಬಾಯಿ ಮುಚ್ಚಸಲಿ? ಏಳವಾ ಗಂಗಾ. ಹೋಗಿ ಬಾ."

ಗಂಗಕ್ಕ ಗೋಡೆ ಹಿಡಿದು ಎದ್ದಳು. ಹೊಸ್ತಿಲು ದಾಟಿ ಅಂಗಳಕ್ಕೆ ಬಂದು, ಟೆಂಪೋ ಇದ್ದ ಕಡೆಗೆ ಹೋಗದೆ, ಕಣದ ಕಡೆಗೆ ತಿರುಗಿದಳು. ನಾನು ಕೈ ಹಿಡಿಯಲು ಹೋದೆ.

"ಅಲ್ಲ್ಯಾಕ ಹೊಂಟಿ ಅಕ್ಕಾ? ಟೆಂಪೋ ಈ ಕಡೆ ಐತಿ."

"ನಿನ್ನ ಬಾಬು ಎಷ್ಟು ದಿನಾ ಬರತಾನ? ಸೋಮವಾರ ಬರತಾನ. ಮುಂದಿನ ಗುರುವಾರ ಬರತಾನ. ಮಿರಗದಾಗ?"

ನಾನು ಅವಳ ಹಿಂದೆ ನಡೆದೆ.

ನಾಗಪ್ಪಣ್ಣ ಕಣದ ಬಾಯಿಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಗಾಡಿಗೆ ಟಯರು ತಿರುಗಿ ಹಾಕಿ ಗೋಡೆಯಿಂದ ಹಿಂದಕ್ಕೆ ಸರಿಸಿಟ್ಟಿದ್ದರು. ಮುಂದಿನ ಜಾಲರಿ ಒಳಗೆ ಬಾಗಿತ್ತು. ಗಂಗಕ್ಕ ಅವನೆದುರು ನಿಂತಳು. ಅಷ್ಟು ವರ್ಷದ ಸಂಸಾರದಲ್ಲಿ ಅವಳು ಭಾವನ ಎದುರು ನಿಂತು ಮಾತಾಡಿದವಳಲ್ಲ. ಬಾಗಿಲ ಮರೆಯಿಂದ, ಇಲ್ಲ ಅತ್ತೆಯ ಬಾಯಿಂದ.

"ಭಾವಾರ, ಅದನ್ನ ತಗಸಬ್ಯಾಡ್ರಿ. ಮಳಿಗಾಲಕ್ಕ ಬೇಕಾಗತೈತಿ."

ಅವನು ನೆಲದ ಮಣ್ಣನ್ನು ಬೆರಳಿನಿಂದ ಕೆರೆಯುತ್ತಿದ್ದ.

"ಈ ಮನ್ಯಾಗ ಗಾಡಿ ನಡಸಾಕ ಬರೂದು ಇನ್ನ ನಿಮಗೊಬ್ಬರಿಗೇ," ಅಂದಳು. "ಏಳ್ರಿ."

"ನನ್ನ ಕೈಲೆ ಆಗೂದಿಲ್ಲವಾ," ಅಂದ ನಾಗಪ್ಪಣ್ಣ. ಆ ಸಂಜೆ ಜನರ ಮುಂದೆ ಕೂಗಿದ ದನಿ ಅದಲ್ಲ. "ಆ ಗಾಡಿ ಮುಟ್ಟಾಕ ಹೇಳಬ್ಯಾಡ. ಬ್ಯಾರೆ ಏನರ ಹೇಳು."

"ಬ್ಯಾರೆ ಏನೂ ಬೇಕಾಗಿಲ್ರಿ ನನಗ."

ಅವಳು ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು. ಮುಂದಿನ ಸೀಟಿಗೆ ಹಣೆ ಒತ್ತಿಕೊಂಡು ಕಾಯತೊಡಗಿದಳು. ಉಸಿರಿನ ಸದ್ದು ಕೇಳುತ್ತಿತ್ತು. ಮನೆಯ ಜನ, ಬಂಧುಗಳು ಎಲ್ಲ ಕಣದ ಅಂಚಿಗೆ ಬಂದು ನಿಂತರು. ನಾನು ನಡೆಸಬಹುದಿತ್ತು. ಕೀಲಿಗೆ ಕೈ ಚಾಚಿದೆ ಕೂಡ. ಅಕ್ಕ ಹಣೆ ಎತ್ತದೆಯೇ, "ನೀ ಅಲ್ಲ ಕಲ್ಲೂ," ಅಂದಳು.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನಾಗಪ್ಪಣ್ಣ ಎದ್ದ. ಕೈಗೆ ಹತ್ತಿದ್ದ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡ. ಗಾಡಿಯ ಮುಂದಿನಿಂದ ಹೋಗದೆ ಹಿಂದಿನಿಂದ ಸುತ್ತಿ ಬಂದು ಕೂತ. ಕೀಲಿ ತಿರುಗಿಸಿದ. ನಾನು ಬಾಜೂ ಸೀಟಿನಲ್ಲಿ ಕೂತೆ. ಖಾನಾಪುರ ದಾಟಿದ ಮೇಲೆ ಅವನು ಒಂದು ಕಡೆ ಗಾಡಿ ನಿಲ್ಲಿಸಿ ಇಳಿದು, ರಸ್ತೆಯ ಬಾಜೂ ಕೂತು ವಾಂತಿ ಮಾಡಿಕೊಂಡ. ಬಾಯಿ ತೊಳೆದು ತಿರುಗಿ ಬಂದು ಕೂತು ನಡೆಸಿದ.

ಆಸ್ಪತ್ರೆಯಲ್ಲಿ ಗಂಗಕ್ಕನ ಬರಿಯ ಹಣೆಯನ್ನು ಅಲ್ಲಿನ ನರ್ಸಮ್ಮ ಮೊದಲು ಗಮನಿಸಲಿಲ್ಲ. ಕೈಗೆ ಸೂಜಿ ಹಚ್ಚುತ್ತ ಎಂದಿನ ಹಾಗೆ ಕೇಳಿದಳು: "ಯಜಮಾನ್ರು ಎಲ್ಲ್ರಿ? ಗಾಡಿ ಹಚ್ಚಾಕ ಹೋಗ್ಯಾರೇನು?"

ಗಂಗಕ್ಕ ಕಣ್ಣು ಮುಚ್ಚಿದಳು. ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ ನಾಗಪ್ಪಣ್ಣ ಹೇಳಿದ:

"ಇನ್ನ ಮ್ಯಾಲೆ ನಾ ಬರತೀನ್ರಿ."

ಬಂದ. ನನ್ನ ಜೊತೆ ಆಮೇಲೆ ಅವನು ಹೆಚ್ಚು ಮಾತಾಡಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಗಾಡಿಯನ್ನು ಗ್ಯಾರೇಜಿಗೆ ತಂದು ನಿಲ್ಲಿಸಿ, "ಬಿಲ್ಲಿ ಸವದಾವ ಅಂತಿದ್ದೆಲ್ಲ, ಬದಲ ಮಾಡು," ಎಂದಷ್ಟೇ ಹೇಳಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಕೆಲಸ ಮುಗಿಯುವ ತನಕ ಒಳಗೆ ನೋಡಲಿಲ್ಲ. ಸುಗ್ಗಿಯಲ್ಲಿ ಡ್ರಮ್ಮನ್ನು ಕಾಲಿನಿಂದಲೇ ತುಳಿದರು.

ಗಂಗಕ್ಕ ಇನ್ನೂ ಎರಡು ಮಳೆಗಾಲ ಬದುಕಿದಳು. ಆ ಎರಡರಲ್ಲೂ ಗಾಡಿ ಒಂದು ಸಲವೂ ಹುಗಿಯಲಿಲ್ಲ.